ಟ್ರಂಕಿನ ವಾಸನೆ

2023ರ ಸೆಪ್ಟೆಂಬರ್ ತಿಂಗಳ ಕೊನೆಯ ವಾರ. ಚೆಂಬೂರಿನ ನಮ್ಮ ಮನೆಯಲ್ಲಿ ರಾತ್ರಿ ಎರಡೂವರೆಗೆ ಫೋನು ಹೊಡೆದುಕೊಂಡಿತು. ಈ ವಯಸ್ಸಿನಲ್ಲಿ ಆ ಹೊತ್ತಿಗೆ ಫೋನು ಬಂದರೆ ಎದೆ ಧಸಕ್ಕೆನ್ನುತ್ತದೆ. ಆ ಕಡೆ ತಂಗಿಯ ಮಗ. ಕಂಪೆನಿಯ ಕೆಲಸಕ್ಕೆಂದು ಪ್ಯಾರಿಸಿಗೆ ಹೋದವನು.

"ಮಾವ, ನಿದ್ದೆ ಹಾಳು ಮಾಡಿದೆ, ಬೇಜಾರು ಮಾಡ್ಬೇಡಿ. ಇಲ್ಲಿ ಹೋಟೆಲಿನ ಹಾಸಿಗೆಯಲ್ಲಿ ಎಂತದೋ ಹುಳ. ಕೈ ಮೇಲೆ ಸಾಲಾಗಿ ದದ್ದು ಎದ್ದಿದೆ. ಫೋಟೋ ಕಳಿಸಿದ್ದೇನೆ, ನೋಡಿ. ಅಮ್ಮನಿಗೆ ಮಾತ್ರ ಹೇಳ್ಬೇಡಿ."

ಕನ್ನಡಕ ಹುಡುಕಿ ಫೋಟೋ ನೋಡಿದೆ. ಸಿಪ್ಪೆಯಿದ್ದ ಮಸೂರದ ಕಾಳಿನಷ್ಟು ದೊಡ್ಡದು, ಚಪ್ಪಟೆ, ಕಂದು ಬಣ್ಣ. ಹಾಸಿಗೆಯ ಹೊಲಿಗೆಗುಂಟ ಕರಿಶಾಯಿಯ ಚುಕ್ಕೆ ಇಟ್ಟಂಥ ಕಲೆಗಳು. ನಲವತ್ತು ವರ್ಷದ ಹಿಂದಿನ ರೂಮ್‌ಮೇಟನ್ನು ಪರದೇಶದ ಹೋಟೆಲಿನಲ್ಲಿ ಕಂಡ ಹಾಗಾಯಿತು. "ಇದು ತಿಗಣೆ ಮಾರಾಯ" ಅಂದೆ. ಅವನು ನಂಬಲೇ ಇಲ್ಲ. ಪ್ಯಾರಿಸಿನಲ್ಲಿ ತಿಗಣೆಯೇ?

ಆ ವಾರ ಪ್ಯಾರಿಸಿನವರಿಗೂ ಅದೇ ಚಿಂತೆ. ರೈಲಿನ ಸೀಟು, ಸಿನೆಮಾ ಟಾಕೀಸಿನ ಕುರ್ಚಿ, ಎಲ್ಲೆಲ್ಲಿಯೂ ತಿಗಣೆಯ ಫೋಟೋಗಳು ಓಡಾಡುತ್ತಿದ್ದವು. ಮರುವರ್ಷ ಅಲ್ಲಿ ಒಲಿಂಪಿಕ್ಸ್ ನಡೆಯಲಿದ್ದದ್ದರಿಂದ ಸರಕಾರವೇ ಸಭೆ ಕರೆಯಬೇಕಾಯಿತು. 2017ರಿಂದ 2022ರವರೆಗೆ ಫ್ರಾನ್ಸಿನ ನೂರರಲ್ಲಿ 11 ಮನೆಗಳಿಗೆ ತಿಗಣೆ ಬಂದಿತ್ತೆಂದು ಅಲ್ಲಿನ ಆರೋಗ್ಯ ಸುರಕ್ಷತಾ ಸಂಸ್ಥೆಯ ವರದಿ ಹೇಳಿತ್ತು. ಓದಿ ನನಗೆ ನಗು ಬಂತು. ಆಮೇಲೆ ಹುಡುಗ ಕೊನೆಯಲ್ಲಿ ಹೇಳಿದ ಮಾತು ನೆನಪಾಗಿ ನಗು ನಿಂತಿತು. "ಅಮ್ಮನಿಗೆ ಹೇಳ್ಬೇಡಿ." ಅದೇ ಮಾತನ್ನು ನಾನೂ ಒಮ್ಮೆ ಹೇಳಿದ್ದೆ. ನನಗಿಂತ ಮೊದಲು ನನ್ನ ಅಪ್ಪಯ್ಯನೂ ಹೇಳಿರಬೇಕು.

ನಾನು ಕುಂದಾಪುರದ ಕಡೆಯಿಂದ ಚೆಂಬೂರಿಗೆ ಬಂದದ್ದು 1978ರಲ್ಲಿ, ಹದಿನೆಂಟನೆಯ ವಯಸ್ಸಿಗೆ. ಆಗ ಕೊಂಕಣ ರೈಲು ಇರಲಿಲ್ಲ. ಅದು ಪೂರ್ತಿಯಾದದ್ದು 1998ರ ಜನವರಿ 26ರಂದು. ನಾವು ಬಸ್ಸಿನಲ್ಲಿ ಘಟ್ಟ ಹತ್ತಿ, ಹುಬ್ಬಳ್ಳಿ, ಕೊಲ್ಹಾಪುರ, ಪುಣೆ ದಾಟಿ, ಒಂದು ಹಗಲು ಒಂದು ರಾತ್ರಿ ಕೂತೇ ಬರಬೇಕಿತ್ತು. ಇಳಿದಾಗ ಕೈಯಲ್ಲಿ ಅಪ್ಪಯ್ಯನ ಹಳೆಯ ತಗಡಿನ ಟ್ರಂಕು ಮತ್ತು ಒಂದು ಚಾಪೆ.

ಚೆಂಬೂರು ಅಂದರೆ ಒಳನಾಡಿನವರಿಗೆ ಆರ್.ಕೆ. ಸ್ಟುಡಿಯೋ. ಆದರೆ ಈ ಉಪನಗರದ ಕಥೆ ಶುರುವಾಗುವುದು ಕಸದಿಂದ. ಕುರ್ಲಾದಿಂದ ಇಲ್ಲಿಗೆ 1906ರಲ್ಲಿ ಹಳಿ ಹಾಕಿದ್ದು ಊರಿನ ಕಸ ಸಾಗಿಸುವ ರೈಲಿಗಾಗಿ. ಜನ ಕೂರುವ ಗಾಡಿ ಬಂದದ್ದು 1924ರಲ್ಲಿ. ದೇಶ ವಿಭಜನೆಯಾದಾಗ ಸಿಂಧಿನಿಂದ ಬಂದವರಿಗಾಗಿ ಇಲ್ಲಿ ಕ್ಯಾಂಪು ಎದ್ದಿತು. 1950ರ ದಶಕದಲ್ಲಿ ಟ್ರಾಂಬೆಯ ಕಡೆ ಎಣ್ಣೆ ಶುದ್ಧೀಕರಣದ ಕಾರ್ಖಾನೆಗಳು, ಅಣುಶಕ್ತಿ ಕೇಂದ್ರ, ಮುಂದಿನ ದಶಕದಲ್ಲಿ ರಸಗೊಬ್ಬರದ ಕಾರ್ಖಾನೆ ಬಂದವು. ಹೊಗೆಯಿಂದಾಗಿ ಚೆಂಬೂರಿಗೆ 'ಗ್ಯಾಸ್ ಚೇಂಬರ್' ಎಂಬ ಅಡ್ಡಹೆಸರೂ ಬಂತು. ಅಷ್ಟೆಲ್ಲ ಕೆಲಸಗಾರರಿಗೆ ಚಾ, ಇಡ್ಲಿ, ಊಟ ಬೇಡವೇ? ಉಡುಪಿ ಹೋಟೆಲುಗಳು ಬಂದವು. ಹೋಟೆಲುಗಳ ಹಿಂದೆ ನಾವು ಬಂದೆವು. ನಮ್ಮ ಹಿಂದೆಯೋ ಮುಂದೆಯೋ ತಿಗಣೆ ಬಂತು.

ನಮ್ಮ ರೂಮು ಸ್ಟೇಷನ್ನಿನಿಂದ ಹತ್ತು ನಿಮಿಷದ ದಾರಿ, ಒಂದು ಚಾಳಿನಲ್ಲಿ. ಹತ್ತು ಅಡಿಗೆ ಹನ್ನೆರಡು ಅಡಿ, ಒಳಗೆ ಹನ್ನೊಂದು ಜನ. ಎಲ್ಲರೂ ಒಮ್ಮೆಗೇ ಮಲಗುತ್ತಿರಲಿಲ್ಲ ಅನ್ನಿ. ಮಿಲ್ಲಿನ ರಾತ್ರಿ ಪಾಳಿಯವನು ಎದ್ದುಹೋದ ಜಾಗದಲ್ಲಿ ಹೋಟೆಲಿನವನು ಮಲಗುವುದು, ಅವನೆದ್ದ ಮೇಲೆ ಮಿಲ್ಲಿನವನು ಬಂದು ಮಲಗುವುದು. 'ಹಾಸಿಗೆ ಇದ್ದಷ್ಟು ಕಾಲು ಚಾಚು' ಎಂಬ ಗಾದೆ ಮಾಡಿದವರು ನಮ್ಮ ರೂಮನ್ನು ನೋಡಿದ್ದರೆ ಕಾಲನ್ನೇ ಬಿಟ್ಟುಬಿಡುತ್ತಿದ್ದರು. ರೂಮಿಗೊಂದು ಕ್ರಮವಿತ್ತು. ಹಿರಿಯರಿಗೆ ಬಾಗಿಲ ಬಳಿ ಗಾಳಿ ಬರುವ ಜಾಗ, ಹೊಸಬನಿಗೆ ಒಳಗೋಡೆಯ ಮೂಲೆ. ಆ ಮೂಲೆಯಲ್ಲಿ ಕುರ್ಲಾದ ಗುಜರಿಯಿಂದ ತಂದ ಒಂದು ಮರದ ಮಂಚವಿತ್ತು. ಮೊದಲ ರಾತ್ರಿ 'ನಿನಗೆ ಮಂಚ' ಎಂದು ಕೊಟ್ಟಾಗ ಎಷ್ಟು ಒಳ್ಳೆಯ ಜನ ಎಂದುಕೊಂಡೆ. ಬೆಳಿಗ್ಗೆ ಅರ್ಥವಾಯಿತು.

"ತಮ್ಮ, ಚೆನ್ನಾಗಿ ನಿದ್ದೆ ಬಂತಾ?" ಎಂದು ರೂಮಿನ ಹಿರಿಯಣ್ಣ ಕೇಳಿದರು. ಎಲ್ಲರೂ ಗೊಳ್ಳೆಂದು ನಕ್ಕರು. ನನ್ನ ಕುತ್ತಿಗೆ, ಮೊಣಕೈ, ಸೊಂಟ ಎಲ್ಲ ಕೆಂಪು. ಹೊಸ ರಕ್ತ ಬರುವವರೆಗೆ ಆ ಜಾಗ ಹಿಂದಿನ ವರ್ಷ ಬಂದವನದ್ದಾಗಿತ್ತು. ನನ್ನಿಂದಾಗಿ ಅವನಿಗೆ ಬಡ್ತಿ ಸಿಕ್ಕಿತು.

ಆ ಒಂದು ಹುಳಕ್ಕೆ ಆ ರೂಮಿನಲ್ಲೇ ನಾಲ್ಕಾರು ಹೆಸರು ಕಲಿತೆ. ನಮಗೆ ತಿಗಣೆ, ಧಾರವಾಡದ ಕಡೆಯವನಿಗೆ ತಗಣಿ, ಪಕ್ಕದ ಕೋಣೆಯ ಮರಾಠಿಯವರಿಗೆ ಢೇಕೂಣ, ಹಿಂದಿಯವರಿಗೆ ಖಟ್ಮಲ್. ಸಂಸ್ಕೃತದಲ್ಲಿ ಮತ್ಕುಣ. ಲಕ್ಷ್ಮಿ ತಾವರೆಯ ಮೇಲೆ, ವಿಷ್ಣು ಸಮುದ್ರದಲ್ಲಿ, ಶಿವ ಹಿಮದ ಬೆಟ್ಟದಲ್ಲಿ ಮಲಗುವುದು ತಿಗಣೆಯ ಹೆದರಿಕೆಯಿಂದಲೇ ಇರಬೇಕು ಎಂದು ತಮಾಷೆ ಮಾಡುವ ಸುಭಾಷಿತವೊಂದಿದೆ. ಪಂಚತಂತ್ರದಲ್ಲಿಯೂ ಒಂದು ಕಥೆಯಿದೆ. ರಾಜನ ಹಾಸಿಗೆಯಲ್ಲಿ ಮಂದವಿಸರ್ಪಿಣಿ ಎಂಬ ಹೇನು ಯಾರಿಗೂ ತಿಳಿಯದಂತೆ ಸುಖವಾಗಿತ್ತು. ಅಗ್ನಿಮುಖನೆಂಬ ತಿಗಣೆ ಅತಿಥಿಯಾಗಿ ಬಂದು, ರಾಜನಿಗೆ ನಿದ್ದೆ ಬರುವ ಮೊದಲೇ ಕಚ್ಚಿ, ತಾನು ಸಂದಿಯೊಳಗೆ ತಪ್ಪಿಸಿಕೊಂಡಿತು. ಸಿಕ್ಕಿಬಿದ್ದು ಸತ್ತದ್ದು ಜಾಗ ಕೊಟ್ಟ ಹೇನು.

ಆದರೆ ತಿಗಣೆಯ ನಿಜವಾದ ಇತಿಹಾಸದಲ್ಲಿ ರಾಜರಿಗಿಂತ ಕೂಲಿಯವರೇ ಹೆಚ್ಚು. ಈಜಿಪ್ಟಿನ ಅಮರ್ನಾದಲ್ಲಿ ಅಗೆದವರಿಗೆ ಮೂರು ಸಾವಿರ ವರ್ಷಕ್ಕೂ ಹಿಂದಿನ ತಿಗಣೆಯ ಅವಶೇಷ ಸಿಕ್ಕಿತು. ಸಿಕ್ಕಿದ್ದು ಅರಮನೆಯಲ್ಲಲ್ಲ, ಕೆಲಸಗಾರರ ಕೇರಿಯಲ್ಲಿ. 2025ರಲ್ಲಿ ಪ್ರಕಟವಾದ ಒಂದು ವಂಶವಾಹಿ ಅಧ್ಯಯನದ ಪ್ರಕಾರ, ಬಾವಲಿಗಳ ಜೊತೆಗಿದ್ದ ಈ ಕುಲದ ಒಂದು ಕವಲು ಗುಹೆಯ ಕಾಲದಲ್ಲೇ ಮನುಷ್ಯನನ್ನು ಹಿಡಿಯಿತು. ಸುಮಾರು 13,000 ವರ್ಷಗಳ ಈಚೆಗೆ, ಮನುಷ್ಯರು ಒಂದೆಡೆ ಗುಂಪಾಗಿ ನೆಲೆಸತೊಡಗಿದ ಹಾಗೆ ಅದರ ಸಂಖ್ಯೆಯೂ ಏರಿತು. ಮನುಷ್ಯರು ಒತ್ತೊತ್ತಾಗಿ ಮಲಗುವಲ್ಲೆಲ್ಲ ಅದಕ್ಕೆ ಹಬ್ಬ. ರೆಕ್ಕೆಯಿಲ್ಲ, ಚಿಗಟದಂತೆ ನೆಗೆಯಲೂ ಬಾರದು. ದೂರ ಹೋಗಬೇಕಾದರೆ ಅದಕ್ಕೆ ನಮ್ಮ ಗಂಟುಮೂಟೆಯೇ ಬೇಕು. ಊರು ಬಿಟ್ಟವರಿಗೂ ತಿಗಣೆಗೂ ಇರುವ ನಂಟು ಅದೇ.

ಪ್ರತಿ ರವಿವಾರ ನಮ್ಮ ರೂಮಿನಲ್ಲಿ ಯುದ್ಧ. ನಾನು ಕೆಲಸ ಮಾಡುತ್ತಿದ್ದ ಹೋಟೆಲಿನಿಂದ ಎರಡು ಕೆಟಲಿನಲ್ಲಿ ಕುದಿನೀರು ತರುತ್ತಿದ್ದೆ. ಮಂಚವನ್ನು ಅಂಗಳಕ್ಕೆ ಹೊತ್ತುತಂದು ನೆಲಕ್ಕೆ ಕುಟ್ಟಿ, ಸಂದಿಸಂದಿಗೂ ಕುದಿನೀರು ಹೊಯ್ದು, ಸೀಮೆಎಣ್ಣೆ ಬಳಿದು, ಉಳಿದವುಗಳಿಗೆ ಮೊಂಬತ್ತಿಯ ಉರಿ ತೋರಿಸುವುದು. ಹಾಸಿಗೆಗಳು ಬಿಸಿಲಿಗೆ. ಮಂಚದ ಕಾಲುಗಳಿಗೆ ನೀರು ತುಂಬಿದ ಡಬ್ಬಿ. ಆ ರಾತ್ರಿ ನಿದ್ದೆ ಬರುತ್ತಿತ್ತು. ವಾರ ಕಳೆಯುವಷ್ಟರಲ್ಲಿ ಮತ್ತೆ ಅದೇ ಪಾಡು. ಇದೇಕೆ ಹೀಗೆ ಎಂದು ಆಗ ತಿಳಿಯುತ್ತಿರಲಿಲ್ಲ. ಒಂದು ಹೆಣ್ಣು ತಿಗಣೆ ತನ್ನ ಜೀವಮಾನದಲ್ಲಿ ಇನ್ನೂರಕ್ಕೂ ಹೆಚ್ಚು ಮೊಟ್ಟೆ ಇಡಬಲ್ಲದು. ಸಾಸಿವೆಗಿಂತ ಚಿಕ್ಕದಾದ ಆ ಬಿಳಿ ಮೊಟ್ಟೆ ಮರದ ಬಿರುಕಿಗೆ ಅಂಟಿ ಕೂತಿರುತ್ತದೆ. ಸಿಂಪಡಿಸಿದ ಔಷಧ ಸಾಮಾನ್ಯವಾಗಿ ಅದರೊಳಗೆ ಇಳಿಯುವುದಿಲ್ಲ. ಒಂದು ವಾರ, ಹತ್ತು ದಿನದಲ್ಲಿ ಮರಿ ಹೊರಬರುತ್ತದೆ. ಐದು ಸಲ ಪೊರೆ ಬಿಟ್ಟು ದೊಡ್ಡದಾಗಬೇಕು. ಪ್ರತಿ ಸಲಕ್ಕೂ ಒಮ್ಮೆ ರಕ್ತ ಬೇಕು. ನಮ್ಮ ರವಿವಾರದ ಲೆಕ್ಕಕ್ಕೂ ಅದರ ಲೆಕ್ಕಕ್ಕೂ ಎಂದೂ ತಾಳೆಯಾಗುತ್ತಿರಲಿಲ್ಲ.

ಆ ದಿನಗಳಲ್ಲಿ ತಿಗಣೆಗೆ ಮದ್ದು ಅಂದರೆ ಟಿಕ್-20. ಆ ಬಾಟಲಿಯ ಹೆಸರು ಪೇಪರಿನಲ್ಲಿ ಬರುತ್ತಿದ್ದದ್ದು ತಿಗಣೆಯ ಸುದ್ದಿಗಲ್ಲ, ಜೀವ ಕಳೆದುಕೊಂಡವರ ಸುದ್ದಿಗೆ. ಹಾಗಾಗಿ ನಮ್ಮ ಹಿರಿಯಣ್ಣ ಅದನ್ನು ತಮ್ಮ ಟ್ರಂಕಿನಲ್ಲಿಟ್ಟು ಬೀಗ ಹಾಕುತ್ತಿದ್ದರು. ಕೆಲಸ ಹೋದವನೊಬ್ಬ ನಮ್ಮಲ್ಲಿ ಮಂಕಾಗಿ ಕೂತಿದ್ದ ತಿಂಗಳಿನಲ್ಲಂತೂ, "ಕಚ್ಚಲಿ ಬಿಡಿ, ಎರಡು ತಿಂಗಳು ಔಷಧ ಬೇಡ" ಎಂದು ಬಾಟಲಿಯನ್ನೇ ಹೊರಗೆ ಸಾಗಿಸಿದರು. ಯಾಕೆಂದು ಯಾರೂ ಕೇಳಲಿಲ್ಲ. ಎಲ್ಲರೂ ಕಚ್ಚಿಸಿಕೊಂಡೆವು. ಮುಂದೆ ಆ ಹುಡುಗನಿಗೆ ಬೇರೆ ಕಡೆ ಕೆಲಸ ಸಿಕ್ಕಿತು.

ನಗುವುದಕ್ಕೂ ತಿಗಣೆಯೇ ಆಗುತ್ತಿತ್ತು. 1973ರ 'ಛುಪಾ ರುಸ್ತುಂ' ಸಿನೆಮಾದಲ್ಲಿ ಕಿಶೋರ್ ಕುಮಾರ್ ಖಟ್ಮಲನ್ನೇ ಕುರಿತು ಒಂದು ಹಾಡು ಹಾಡಿದ್ದಾರೆ. ನಮ್ಮಲ್ಲಿ ಯಾರಾದರೂ ನಡುರಾತ್ರಿ ದೀಪ ಹಾಕಿ ಹುಡುಕಲು ಕೂತರೆ, ಮೂಲೆಯಿಂದ ಇನ್ನೊಬ್ಬ ಅದನ್ನು ಎತ್ತಿಕೊಳ್ಳುತ್ತಿದ್ದ. ಬೆಳಿಗ್ಗೆ ಆರಕ್ಕೆ ಹೋಟೆಲಿನಲ್ಲಿ ಕೊತ್ತಂಬರಿ ಸೊಪ್ಪು ಹೆಚ್ಚಲು ಕೂತರೆ ನನಗೆ ಹೊಟ್ಟೆ ತೊಳೆಸಿದಂತಾಗುತ್ತಿತ್ತು. ಜಜ್ಜಿದ ತಿಗಣೆಯ ವಾಸನೆಗೂ ಹಸಿ ಕೊತ್ತಂಬರಿಗೂ ಏನೋ ಹೋಲಿಕೆ. ಇದು ನನ್ನ ಭ್ರಮೆ ಎಂದುಕೊಂಡಿದ್ದೆ. ಎಷ್ಟೋ ವರ್ಷದ ಮೇಲೆ ಓದಿದೆ: ಇಂಗ್ಲಿಷಿನ 'ಕೊರಿಯಾಂಡರ್' ಎಂಬ ಹೆಸರಿನ ಮೂಲದಲ್ಲಿ ತಿಗಣೆಗೆ ಗ್ರೀಕರು ಹೇಳುವ 'ಕೋರಿಸ್' ಎಂಬ ಶಬ್ದವಿದೆ ಎಂಬುದು ಕೆಲವರ ಮತ.

ಊರಿಗೆ ಹದಿನೈದು ದಿನಕ್ಕೊಂದು ಇನ್‌ಲ್ಯಾಂಡ್ ಲೆಟರ್ ಬರೆಯುತ್ತಿದ್ದೆ. 'ನಾನು ಇಲ್ಲಿ ಕ್ಷೇಮ' ಎಂದೇ ಶುರು. ಆರ್.ಕೆ. ಸ್ಟುಡಿಯೋದ ಗೇಟಿನ ಎದುರು ಒಂದು ಗಂಟೆ ನಿಂತದ್ದನ್ನು ಬರೆದೆ. ಸಮುದ್ರ ನೋಡಿದ್ದು, ಡಬ್ಬಲ್ ಡೆಕ್ಕರ್ ಬಸ್ಸಿನ ಮೇಲೆ ಕೂತದ್ದು, ರಾತ್ರಿ ಕಾಲೇಜಿಗೆ ಸೇರಿದ್ದು ಬರೆದೆ. 'ಮಲಗಲು ಮಂಚ ಕೊಟ್ಟಿದ್ದಾರೆ' ಎಂದೂ ಬರೆದೆ. ಸುಳ್ಳಲ್ಲವಲ್ಲ! ತಿಗಣೆಯ ಸುದ್ದಿ ಒಂದು ಕಾಗದದಲ್ಲೂ ಇಲ್ಲ. ರೂಮಿನ ಹನ್ನೊಂದು ಜನರೂ ಹಾಗೆಯೇ. ಊರಿಗೆ ಹೊರಟವನಿಗೆ "ಮನೆಯಲ್ಲಿ ಹೇಳ್ಬೇಡ" ಎಂದು ಉಳಿದವರು ಹೇಳಿ ಕಳಿಸುತ್ತಿದ್ದರು. ತಿಗಣೆ ಕೊಳಕು ಮನೆಯಲ್ಲಿ ಇರುವಂಥದು, ಬಡತನದ ಗುರುತು ಎಂಬ ಭಾವನೆ. ಬೊಂಬಾಯಿಯಲ್ಲಿರುವ ಮಗ ರಾತ್ರಿ ತಿಗಣೆ ಹಿಡಿಯುತ್ತಾನೆ ಎಂದರೆ ಮರ್ಯಾದೆಯ ಪ್ರಶ್ನೆ. ತಂಗಿಗೆ ಗಂಡು ನೋಡುವ ಕಾಲ ಹತ್ತಿರ ಬರುತ್ತಿತ್ತು.

1981ರ ಮೇ ತಿಂಗಳಲ್ಲಿ ಮೊದಲ ಸಲ ರಜೆಯ ಮೇಲೆ ಊರಿಗೆ ಹೋದೆ. ಹೊಸ ಪ್ಯಾಂಟು, ಅಮ್ಮನಿಗೆ ಸೀರೆ, ತಂಗಿಗೆ ಬಳೆ, ಎಲ್ಲ ಟ್ರಂಕಿನೊಳಗೆ. ಹೊರಡುವ ಮುಂಚೆ ಟ್ರಂಕನ್ನು ಮೂರು ಸಲ ಕುಡುಗಿ ನೋಡಿದ್ದೆ. ಅಂಗಳ ದಾಟಿ ಜಗಲಿ ಹತ್ತಬೇಕು, ಅಷ್ಟರಲ್ಲಿ ಅಮ್ಮ ಬಂದು ಟ್ರಂಕಿಗೆ ಕೈ ಹಾಕಿದವಳು ತಡೆದು ನಿಂತಳು. ಮೂಗು ಅರಳಿಸಿದಳು.

"ಟ್ರಂಕ್ ಒಳ್ಗೆ ತರ್ಬೇಡ ಮಗಾ. ಅಲ್ಲೇ ಬಿಸ್ಲಿಗೆ ಇಡ್."

ನನಗೆ ನೆಲ ಬಿರಿದು ಬಾಯ್ತೆರೆದರೆ ಸಾಕೆನಿಸಿತು. ಅಮ್ಮ ಬೇರೆ ಒಂದು ಮಾತೂ ಆಡಲಿಲ್ಲ. ಹಿತ್ತಿಲಲ್ಲಿ ಭತ್ತ ಬೇಯಿಸುವ ದೊಡ್ಡ ಹಂಡೆಗೆ ನೀರು ತುಂಬಿಸಿದಳು. ತಂಗಿ ಒಲೆಗೆ ಕಟ್ಟಿಗೆ ಒಡ್ಡಿದಳು. ನಾನು ತೊಟ್ಟ ಬಟ್ಟೆ, ಹೊದಿಕೆ, ಟ್ರಂಕಿನ ಒಳಗಿದ್ದದ್ದೆಲ್ಲ ಹಂಡೆಗೆ ಹೋಯಿತು. ಸೀರೆಯೊಂದನ್ನು ಮಾತ್ರ ಕೊಡಹಿ ಬಿಸಿಲಿಗೆ ಹರವಿದಳು. ಖಾಲಿ ಟ್ರಂಕಿನ ಮಡಿಕೆಗಳಿಗೆ ಚೊಂಬಿನಿಂದ ಕುದಿನೀರು ಹೊಯ್ದಾಗ ಎರಡು ಹೊರಬಿದ್ದವು. ನಾನು ತಲೆ ತಗ್ಗಿಸಿದೆ. ಆಗ ಅಮ್ಮ ಹೇಳಿದಳು:

"ನಿನ್ನ ಅಪ್ಪಯ್ಯ ಬಂದಾಗ್ಳೂ ಈ ಟ್ರಂಕಿಗೆ ಇದೇ ವಾಸ್ನಿ ಇದ್ದಿತ್."

ಅಪ್ಪಯ್ಯ 1950ರ ಸುಮಾರಿಗೆ ಹಡಗಿನಲ್ಲಿ ಮುಂಬಯಿಗೆ ಹೋದವರು. ಕೋಟೆಯ ಕಡೆ ಒಂದು ಹೋಟೆಲಿನ ಅಡುಗೆಮನೆಯಲ್ಲಿದ್ದರು. ಬಾಗಿಲು ಹಾಕಿದ ಮೇಲೆ ಮೇಜುಗಳನ್ನು ಜೋಡಿಸಿ ಅದರ ಮೇಲೆಯೇ ಮಲಗುವುದು. ನಾನು ಶಾಲೆಗೆ ಹೋಗುವಾಗಲೇ ತೀರಿಕೊಂಡರು. ಅವರ ಕಾಗದಗಳನ್ನು ಅಮ್ಮ ಕಟ್ಟಿಟ್ಟಿದ್ದಳು. ಅಂದು ರಾತ್ರಿ ತೆಗೆದು ಓದಿದೆ. ಒಂದೊಂದರಲ್ಲೂ ಮೊದಲ ಸಾಲು 'ನಾನು ಇಲ್ಲಿ ಕ್ಷೇಮ'. ಅವರ ಕೈಬರಹ ನನ್ನದರಂತೆಯೇ ಇತ್ತು, ಬಚ್ಚಿಟ್ಟ ಸುದ್ದಿಯೂ ನನ್ನದೇ. ಅಮ್ಮನಿಗೆ ಆ ಕಾಲದಿಂದಲೇ ಎಲ್ಲ ಗೊತ್ತಿತ್ತು. ಅವಳೂ ಬಾಯಿ ಬಿಟ್ಟಿರಲಿಲ್ಲ.

ಅಪ್ಪಯ್ಯನ ಕಾಲದಲ್ಲಿ ತಿಗಣೆ ಹೋಗಿಯೇಬಿಟ್ಟಿತು ಎಂದು ಜಗತ್ತೇ ನಂಬಿತ್ತು. ಡಿಡಿಟಿಗೆ ಹುಳ ಕೊಲ್ಲುವ ಗುಣವಿದೆಯೆಂದು ಸ್ವಿಟ್ಜರ್ಲೆಂಡಿನ ಪಾಲ್ ಮುಲ್ಲರ್ 1939ರಲ್ಲಿ ಕಂಡುಹಿಡಿದು, 1948ರಲ್ಲಿ ನೊಬೆಲ್ ಪಡೆದರು. ನಮ್ಮಲ್ಲಿ 1953ರಲ್ಲಿ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಶುರುವಾಯಿತು. 'ಡಿಡಿಟಿಯವರು' ಹಳ್ಳಿಗೂ ಬಂದು ಗೋಡೆಗೆ ಹೊಡೆದು ತಾರೀಕು ಬರೆದು ಹೋಗುತ್ತಿದ್ದರು. ಸೊಳ್ಳೆಗೆಂದು ಹೊಡೆದ ಮದ್ದಿಗೆ ಮೊದಮೊದಲು ತಿಗಣೆಯೂ ಸತ್ತಿತು. ಜನ ಬಾಗಿಲು ತೆರೆದು ಕರೆದರು. ಆದರೆ ನೊಬೆಲ್ ಬರುವ ಮೊದಲೇ, 1947ರಲ್ಲಿ, ಹವಾಯಿಯ ಪರ್ಲ್ ಹಾರ್ಬರಿನ ಬ್ಯಾರಕ್ಕುಗಳಲ್ಲಿ ಡಿಡಿಟಿಗೆ ಜಗ್ಗದ ತಿಗಣೆ ಕಾಣಿಸಿಕೊಂಡಿತ್ತು. ಕೆಲವೇ ವರ್ಷಗಳಲ್ಲಿ ನಮ್ಮಲ್ಲೂ ಹಾಗೆಯೇ ಆಯಿತು. ಮದ್ದು ಹೊಡೆದರೆ ತಿಗಣೆ ಸಾಯುವ ಬದಲು ಕೆರಳಿ ಸಂದಿಯಿಂದ ಹೊರಬರುತ್ತಿತ್ತು. 'ಡಿಡಿಟಿಯವರೇ ತಿಗಣೆ ತಂದದ್ದು' ಎಂದು ಜನ ಬಾಗಿಲು ಹಾಕತೊಡಗಿದರು. ತಿಗಣೆಯ ಮೇಲಿನ ಸಿಟ್ಟು ಮಲೇರಿಯಾದ ಕೆಲಸಕ್ಕೂ ಅಡ್ಡಿಯಾಯಿತು.

ತಿಗಣೆಯ ಮೇಲೆ ಸುಳ್ಳು ಆಪಾದನೆಯೂ ಬಂದದ್ದುಂಟು. 1907ರಲ್ಲಿ ಮದ್ರಾಸಿನಲ್ಲಿದ್ದ ಪ್ಯಾಟನ್ ಎಂಬ ವೈದ್ಯ ವಿಜ್ಞಾನಿ ಕಾಲಾ ಆಜಾರ್ ಜ್ವರವನ್ನು ಹರಡುವುದು ಇದೇ ಎಂದು ಬರೆದರು. 1942ರಲ್ಲಿ ಸ್ವಾಮಿನಾಥ್, ಶಾರ್ಟ್ ಮತ್ತು ಆಂಡರ್ಸನ್ ಅದು ಮರಳುನೊಣದ ಕೆಲಸವೆಂದು ತೋರಿಸಿದ ಮೇಲೆ ತಿಗಣೆ ಬಿಡುಗಡೆಯಾಯಿತು. ಮನುಷ್ಯನಿಗೆ ಅದು ಯಾವುದೇ ರೋಗವನ್ನು ಅಂಟಿಸುತ್ತದೆಂದು ಇಂದಿಗೂ ಸಾಬೀತಾಗಿಲ್ಲ. ಅದು ಕಸಿಯುವುದು ನಿದ್ದೆಯನ್ನು, ಮತ್ತೆ ನಾಲ್ಕು ಜನರ ಎದುರು ತಲೆ ಎತ್ತುವ ಧೈರ್ಯವನ್ನು.

ರಜೆ ಮುಗಿಸಿ ಬಂದವನೇ ನಾನು ಒಂದು ಕೆಲಸ ಮಾಡಿದೆ. ಚಾಳಿನ ಪಕ್ಕದ ಕೋಣೆಯ ಮರಾಠಿ ಬಾಯಿಯವರನ್ನು ಕೇಳಿದೆ, "ನಿಮ್ಮಲ್ಲಿಯೂ ಢೇಕೂಣ ಇದೆಯಾ?" ಆಕೆ ಒಂದು ಗಳಿಗೆ ನನ್ನನ್ನು ನೋಡಿ, ದನಿ ತಗ್ಗಿಸಿ, "ನಿಮ್ಮಲ್ಲಿ ಇಲ್ಲ ಅಂದ್ಕೊಂಡಿದ್ದೆ" ಅಂದರು. ಆಚೆಯ ಸಿಂಧಿ ಮನೆಯವರೂ ಮಲಯಾಳಿಗಳೂ ಹಾಗೆಯೇ ಅಂದರು. ಒಂದೇ ಗೋಡೆಯ ಎರಡು ಬದಿಯಲ್ಲಿ ಮಲಗುವವರು ಒಬ್ಬರಿಂದೊಬ್ಬರು ಬಚ್ಚಿಟ್ಟಿದ್ದೆವು. ನಾವು ರವಿವಾರ ಓಡಿಸಿದ್ದು ಅವರ ಕೋಣೆಗೆ, ಅವರು ಬುಧವಾರ ಓಡಿಸಿದ್ದು ನಮ್ಮ ಕೋಣೆಗೆ! ಆ ವರ್ಷ ದಸರಾದ ಮುಂಚಿನ ರವಿವಾರ ಇಡೀ ಚಾಳಿನ ಹದಿನಾರು ಕೋಣೆಗಳೂ ಒಂದೇ ದಿನ ಖಾಲಿಯಾದವು. ಹಿರಿಯಣ್ಣ ಹೋಟೆಲಿನ ದೊಡ್ಡ ಪಾತ್ರೆಗಳನ್ನೇ ತರಿಸಿದರು. ಗೋಡೆಯ ಬಿರುಕಿಗೆ ಸಿಮೆಂಟು ಮೆತ್ತಿದೆವು. ಹತ್ತು ದಿನ ಬಿಟ್ಟು, ಮೊಟ್ಟೆಯೊಡೆದು ಬಂದವುಗಳಿಗೆ ಇನ್ನೊಮ್ಮೆ. ಆ ಗುಜರಿ ಮಂಚವನ್ನು ಸುಟ್ಟೆವು. ಆಮೇಲೆ ಆರೇಳು ತಿಂಗಳು ಹನ್ನೊಂದು ಜನ ಸುಖವಾಗಿ ನಿದ್ದೆ ಮಾಡಿದೆವು.

ಅದಾದ ಮೇಲೆ ಕಾಲ ಬದಲಾಯಿತು. 1982ರ ಜನವರಿ 18ರಂದು ಗಿರಣಿ ಮುಷ್ಕರ ಶುರುವಾಗಿ ನಮ್ಮ ಮಿಲ್ಲಿನವರು ಹಾಸಿಗೆ ಸುತ್ತಿಕೊಂಡು ಊರಿಗೆ ಹೋದರು. ಮರಳಿ ಬಂದವರು ಕಡಿಮೆ. ನನಗೆ ಆಫೀಸಿನ ಕೆಲಸವಾಯಿತು, ಮದುವೆಯಾಯಿತು, ಸಣ್ಣದೊಂದು ಮನೆಯಾಯಿತು. ಕಬ್ಬಿಣದ ಮಂಚ ಬಂತು. ತಿಗಣೆಯನ್ನು ಮರೆತೆವು. ಯುರೋಪು, ಅಮೆರಿಕದವರು ನಮಗಿಂತ ಹೆಚ್ಚು ಮರೆತಿದ್ದರು. ಅಲ್ಲಿ ಎರಡು ತಲೆಮಾರಿಗೆ ತಿಗಣೆ ಹೇಗಿರುತ್ತದೆಂದೇ ಗೊತ್ತಿರಲಿಲ್ಲ. 1990ರ ದಶಕದ ಕೊನೆಯಿಂದ ಅದು ಮತ್ತೆ ಬಂತು. ಜನರ ಓಡಾಟ ಹೆಚ್ಚಾಯಿತು. ಡಿಡಿಟಿಯ ನಂತರ ಬಂದ ಪೈರೆಥ್ರಾಯ್ಡ್ ಔಷಧಗಳಿಗೂ ಅದು ಒಗ್ಗಿಹೋಯಿತು. ಮುಂಬಯಿಯಲ್ಲಿ ನಮ್ಮನ್ನು ಕಚ್ಚಿದ್ದು ಹೆಚ್ಚಾಗಿ ಉಷ್ಣ ದೇಶದ ಜಾತಿ, ಪ್ಯಾರಿಸಿನಲ್ಲಿ ನನ್ನ ಅಳಿಯನನ್ನು ಕಚ್ಚಿದ್ದು ಹೆಚ್ಚಾಗಿ ಚಳಿ ದೇಶದ್ದು. ಎರಡೂ ಅಣ್ಣತಮ್ಮಂದಿರೇ.

ಆ ರಾತ್ರಿ ಅವನಿಗೆ ಹೇಳಿದೆ: "ಮೊದಲು ಚೀಲವನ್ನು ಹಾಸಿಗೆಯ ಮೇಲಿಂದ ತೆಗೆ. ಬಚ್ಚಲುಮನೆಯಲ್ಲಿಡು, ಅಲ್ಲಿ ಬಿಳಿ ನೆಲದ ಮೇಲೆ ಹರಿದರೂ ಕಾಣ್ತದೆ. ಬಟ್ಟೆಯೆಲ್ಲ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಬಾಯಿ ಕಟ್ಟು. 60 ಡಿಗ್ರಿ ಬಿಸಿನೀರಲ್ಲಿ ಒಗೆಸು, ಮಷಿನಿನಲ್ಲಿ ಬಿಸಿಯಾಗಿ ಒಣಗಿಸು. 50 ಡಿಗ್ರಿ ದಾಟಿದರೆ ಅದು ಉಳಿಯುವುದಿಲ್ಲ. ಇನ್ನು ಮುಂದೆ ಯಾವ ಹೋಟೆಲಿಗೆ ಹೋದರೂ ಚೀಲ ಇಡುವ ಮೊದಲು ಹಾಸಿಗೆಯ ಹೊಲಿಗೆ ಬಿಡಿಸಿ ನೋಡು, ತಲೆದಿಂಬಿನ ಹಿಂದಿನ ಹಲಗೆ ನೋಡು. ಮುಖ್ಯವಾಗಿ, ಈಗಲೇ ಕೆಳಗೆ ಹೋಗಿ ಮ್ಯಾನೇಜರಿಗೆ ಹೇಳು."

"ಹೇಳಿದ್ರೆ ನಾನೇ ತಂದದ್ದು ಅಂತಾರೆ ಮಾವ. ಇಂಡಿಯಾದವನು ಬೇರೆ."

ಹುಡುಗನ ದನಿ ಸಣ್ಣದಾಗಿತ್ತು. ಲಕ್ಷಗಟ್ಟಲೆ ಸಂಬಳ, ಕೈಯಲ್ಲಿ ಒಳ್ಳೆಯ ಸೂಟ್‌ಕೇಸು. ಆದರೂ ಅಂಗಳದಲ್ಲಿ ಟ್ರಂಕು ಹಿಡಿದು ನಿಂತ ನನಗಿಂತ ಅವನೇನೂ ಬೇರೆಯಾಗಿರಲಿಲ್ಲ.

"ಅನ್ನಲಿ. ನೀನು ಹೇಳದಿದ್ದರೆ ನಾಳೆ ಆ ಹಾಸಿಗೆಯಲ್ಲಿ ಇನ್ನೊಬ್ಬ ಮಲಗ್ತಾನೆ. ಅವನ ಚೀಲದಲ್ಲಿ ಅದು ಇನ್ನೊಂದು ಊರಿಗೆ ಹೋಗ್ತದೆ" ಅಂದೆ. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಬಾಗಿಲು ತೆರೆದ ಸದ್ದು ಕೇಳಿತು.

"ಸರಿ, ಹೋಗ್ತೇನೆ. ಆದ್ರೆ ಅಮ್ಮನಿಗೆ..."

"ಅಮ್ಮನಿಗೂ ನೀನೇ ಹೇಳು" ಅಂದೆ. "ಅವಳು ಹೆದರುವುದಿಲ್ಲ. ಆ ಹಂಡೆಯ ಒಲೆಗೆ ಕಟ್ಟಿಗೆ ಒಡ್ಡಿದವಳು ಅವಳೇ."